ದೆವ್ವದ ಮನೆಯಿಂದ ಊಟದ ಕರೆ

ಊಟ ಬಲ್ಲವನಿಗೆ ರೋಗವಿಲ್ಲ, ಊಟಕ್ಕೆ ಕರೆದವಳಿಗೆ ಮೋಕ್ಷವಿಲ್ಲ. ಗಾದೆ ಹೀಗಿಲ್ಲ ಎಂದು ತಕರಾರು ತೆಗೆಯುವವರು ನನ್ನ ಕಥೆ ಮುಗಿದ ಮೇಲೆ ತೆಗೆಯಿರಿ. ಹೇಳುವುದೆಲ್ಲ ಸತ್ಯ, ಫೈಬರ್ ನಾಲಗೆಗೆ ಸುಳ್ಳಿನ ರುಚಿ ಹತ್ತುವುದಿಲ್ಲ.

ನಾನು ಒಂದು ಗೊಂಬೆ. ಹುಟ್ಟಿದ್ದು ಉತ್ತರ ಕರ್ನಾಟಕದ ಎರೆಸೀಮೆಯಲ್ಲಿ, ಹೆದ್ದಾರಿ ಪಕ್ಕದ ಥೀಮ್ ಪಾರ್ಕಿನ ಶೆಡ್ಡಿನಲ್ಲಿ. ಮಾಡಿದವನು ಮೋನಪ್ಪ ಬಡಿಗೇರ. ಮುಖ ಕೊಟ್ಟವಳು ಅದೇ ಹೆದ್ದಾರಿಯಲ್ಲಿ ಖಾನಾವಳಿ ನಡೆಸುವ ದ್ಯಾಮವ್ವ. ಅಚ್ಚು ತೆಗೆಯಲೆಂದು ಮುಖಕ್ಕೆ ಪ್ಲಾಸ್ಟರ್ ಮೆತ್ತಿಸಿಕೊಂಡು, ಮೂಗಿನಲ್ಲಿ ಎರಡು ಕೊಳವೆ ಸಿಕ್ಕಿಸಿಕೊಂಡು ಅರ್ಧ ತಾಸು ಅಲುಗದೆ ಮಲಗಿದ್ದಳು ಪುಣ್ಯಾತ್ಗಿತ್ತಿ. ಆಮೇಲೆ ದನಿಯನ್ನೂ ಕೊಟ್ಟಳು: “ಬರ್ರಿ, ಬರ್ರಿ. ಉಂಡ್ ಹೋಗ್ರಿ.”

ಅವಳದು ಒಂದೇ ಕರಾರು. “ನಮ್ ಕಡೆ ಮಂದಿ ಬಿರುಸು ಅಂತಾರ್ರಿ ಸಾಹೇಬ್ರ. ಮಾತಷ್ಟ ಬಿರುಸು. ಬಂದಾವ್ರನ್ನ ಉಣಸದ ಕಳಸೂದಿಲ್ಲ. ಅದನ್ನ ತೋರಸ್ರಿ, ಸಾಕು.”

“ಗ್ಯಾರಂಟಿ ಅಮ್ಮ. ನಿಮ್ಮ ಸೀಮೆ ಅಂದ್ರೆ ಇನ್ಮೇಲೆ ನಿಮ್ಮ ಮುಖಾನೇ,” ಎಂದ ಮ್ಯಾನೇಜರ್ ಸುದರ್ಶನ್. ಆ ಮಾತು ಮಾತ್ರ ಅಕ್ಷರಶಃ ನಡೆಯಿತು.

ಒಂದು ವರ್ಷ ಹೆಬ್ಬಾಗಿಲಲ್ಲಿ ಕೂತು ರೊಟ್ಟಿ ಬಡಿದೆ. ಮೋಟಾರಿನ ಕೈ, ಟಪ್ ಟಪ್. ಮಂದಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮುಂದೆ ನಡೆದರು. ರೊಟ್ಟಿ ಕಂಡು ಯಾರೂ ಕಿರುಚುವುದಿಲ್ಲವಲ್ಲ. ಕಿರುಚದಿದ್ದರೆ ಟಿಕೆಟ್ ಹೋಗುವುದಿಲ್ಲ. ಒಂದು ಮುಂಜಾನೆ ನನ್ನನ್ನು ಎತ್ತಿ ‘ದೆವ್ವದ ಮನೆ’ಗೆ ಹಾಕಿದರು. ಕೂದಲು ಕೆದರಿದರು, ಹಲ್ಲಿಗೆ ಕೆಂಪು ಬಳಿದರು, ರೊಟ್ಟಿ ಕಸಿದು ತಲೆಬುರುಡೆ ಹಿಡಿಸಿದರು. ದನಿಯನ್ನು ನಿಧಾನಕ್ಕಿಳಿಸಿದರು: “ಬ...ರ್ರಿ, ಬ...ರ್ರಿ. ಉಂ...ಡ್ ಹೋ...ಗ್ರಿ.” ಬಾಗಿಲಿಗೆ ಬೋರ್ಡು: ‘ಎರೆಸೀಮೆಯ ರಕ್ತಪಿಶಾಚಿ’. ಮೋಸ ಹೋದೆ ಎಂದು ಕೂಗೋಣವೆಂದರೆ ನನ್ನಲ್ಲಿದ್ದದ್ದೇ ನಾಲ್ಕು ಶಬ್ದ. ನಾಲ್ಕೂ ಊಟಕ್ಕೆ ಕರೆಯುವಂಥವು.

ಅಬ್ಬಬ್ಬಾ, ಏನು ನೂಕುನುಗ್ಗಲು! ದೂರದೂರಿನವರು ನನ್ನನ್ನು ಅಣಕಿಸುತ್ತ ಹೊರಬಿದ್ದರು. “ಮಗಾ, ಈ ಕಡೆ ಯಾರಾದ್ರೂ ಊಟಕ್ಕೆ ಕರೆದ್ರೆ ಓಡ್ಬಿಡೋ!” ದ್ಯಾಮವ್ವ ಖಾನಾವಳಿ ಬಾಗಿಲಲ್ಲಿ ನಿಂತು ಕರೆದರೆ, ಕಾರಿನವರು “ಉಂ...ಡ್ ಹೋ...ಗ್ರಿ” ಎಂದು ಊಳಿಟ್ಟು, ಗಾಜು ಏರಿಸಿ ಹೋಗತೊಡಗಿದರಂತೆ. ನನಗೆ ಎಣ್ಣೆ ಬಿಡಲು ಬಂದ ಮೋನಪ್ಪ ಇದನ್ನು ನನಗೆ ಹೇಳಿದ. ಅವಳಿಗೆ ಕಾರಣ ಹೇಳುವ ಮುಖ ಅವನಿಗಿರಲಿಲ್ಲ. ಅವಳೋ, ತನ್ನ ಗೊಂಬೆ ಸೀಮೆಯ ಮರ್ಯಾದೆ ಕಾಯುತ್ತಿದೆ ಎಂದು ಓಣಿ ತುಂಬ ಹೇಳಿಕೊಂಡಿದ್ದಳು.

ಅವಳ ನೆಗೆಣ್ಣಿ, ಅಂದರೆ ವಾರಗಿತ್ತಿ, ಫಕೀರವ್ವ ನಂಬಲಿಲ್ಲ. “ನಿನ್ನ ಮಾರಿ ನೋಡಾಕ ಮಂದಿ ಟಿಕೀಟ್ ತಗೀತಾರ? ತೋರಸ್ ನಡಿ!” ಎಂದು ಪಂಥ ಹಾಕಿದಳು. ಅವಳನ್ನೂ ಓಣಿಯ ಐದು ಹೆಂಗಸರನ್ನೂ ಕಟ್ಟಿಕೊಂಡು ದ್ಯಾಮವ್ವ ಬಂದೇಬಿಟ್ಟಳು. ಹೆಬ್ಬಾಗಿಲಲ್ಲಿ ನಾನಿಲ್ಲ. ಸುದರ್ಶನ್ ನಗು ತಡೆದುಕೊಂಡು, “ಒಳಗಡೆ ಸ್ಪೆಷಲ್ ಮನೇನೇ ಕೊಟ್ಟಿದೀವಮ್ಮ,” ಎಂದು ಅವರನ್ನು ಕತ್ತಲೆಗೆ ಬಿಟ್ಟು, ಕಿರುಚಾಟ ಕೇಳಲು ಬಾಗಿಲಲ್ಲೇ ನಿಂತ.

ಬಲ್ಬು ಮಿನುಗಿ ಆರಿತು. ನನ್ನ ಕೈ ಎದ್ದಿತು. “ಬ...ರ್ರಿ, ಬ...ರ್ರಿ. ಉಂ...ಡ್ ಹೋ...ಗ್ರಿ.”

ಯಾರೂ ಕಿರುಚಲಿಲ್ಲ. ಊಟಕ್ಕೆ ಕರೆದವರಿಗೆ ಉತ್ತರ ಕೊಡದೆ ದಾಟುವ ಪದ್ಧತಿ ಅವರ ಓಣಿಯಲ್ಲಿಲ್ಲ. ಫಕೀರವ್ವ ತಲೆಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: “ಇಲ್ಲಬೇ ಯವ್ವಾ, ಈಗಷ್ಟ ಉಂಡ್ ಬಂದೀವಿ. ನಿಂದ್ ಆತೇನ ಊಟ?”

“ಪಾಪ, ಜಡ್ಡಾಗಿರಬೇಕು,” ಎಂದಳು ಇನ್ನೊಬ್ಬಳು. “ದನಿ ಬಿದ್ದೈತಿ.”

ಬಲ್ಬು ಮತ್ತೆ ಹೊತ್ತಿತು. ಎಲ್ಲರೂ ನನ್ನ ಮುಖ ನೋಡಿದರು. ಆಮೇಲೆ ದ್ಯಾಮವ್ವನ ಮುಖ.

“ಏ, ಇಕಿ ನೀನ ಅದೀ ಅಲ್ಲಬೇ!”

ದ್ಯಾಮವ್ವ ನನ್ನ ಕೂದಲು ನೋಡಿದಳು, ಬುರುಡೆ ನೋಡಿದಳು. ಕಾರುಗಳ ಊಳು ಯಾಕೆಂದು ಆಗ ಅವಳಿಗೆ ತಿಳಿಯಿತು. ಓಣಿಯ ಮುಂದೆ ಅತ್ತೇಬಿಡುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಫಕೀರವ್ವ ಅವಳ ರಟ್ಟೆ ಹಿಡಿದಳು. “ಸತ್ತು ದೆವ್ವಾದ್ರೂ ಮಂದೀನ ಉಣ್ಣಾಕ ಕರಿಯೂದು ಬಿಟ್ಟಿಲ್ಲಲ್ಲಬೇ ನೀ!”

ಹೆಂಗಸರು ಗೊಳ್ಳೆಂದರು. ದ್ಯಾಮವ್ವ ಸೆರಗಿನ ತುದಿ ಒದ್ದೆ ಮಾಡಿ ನನ್ನ ಹಲ್ಲಿನ ಕೆಂಪನ್ನು ಉಜ್ಜಿದಳು. ಹೋಗಲಿಲ್ಲ. ಇನ್ನಷ್ಟು ಉಜ್ಜಿದಳು. ಆಯಿಲ್ ಪೇಂಟು, ಹೋಗುವಂಥದ್ದಲ್ಲ. ಅದಕ್ಕೂ ಅವಳು ನಕ್ಕಳು, ಉಳಿದವರೆಲ್ಲರಿಗಿಂತ ಜೋರಾಗಿ.