ಇಪ್ಪತ್ತೈದನೆಯ ತಲೆ

“ನೀವು ಮೊದ್ಲು ಮಲಗ್ರಿ ಸಾರ್. ಆಮೇಲೆ ನಾನು.”

ಧರ್ಮಪುರದ ಕುರಿಗಾಹಿ ಕಾಟಲಿಂಗಪ್ಪ ಸ್ಕ್ಯಾನಿಂಗ್ ಯಂತ್ರದ ಬಾಯಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟಿದ್ದ. ಮೂವತ್ತು ವರ್ಷ ಮರಿಗಳನ್ನು ಹೊತ್ತ ಬಲಭುಜ ಈಗ ಮೇಲೇಳುತ್ತಿರಲಿಲ್ಲ. ಅಂಗಿ ತೊಡಿಸಲೂ ಹೆಂಡತಿಯೇ ಬರಬೇಕು.

ಡಾಕ್ಟರ್ ದುರುಗೇಶನಿಗೆ ಬೇಕಾಗಿದ್ದುದು ಆ ಭುಜವಲ್ಲ, ತಲೆ. ಕುಡಿತ ಮಿದುಳನ್ನು ಏನು ಮಾಡುತ್ತದೆ ಎಂಬುದು ಅವನ ಸಂಶೋಧನೆ. ಕುಡಿಯುವವರ ತಲೆಗಳು ಚಿತ್ರದುರ್ಗದಲ್ಲಿ ಬೇಕಾದಷ್ಟು ಸಿಕ್ಕಿದ್ದವು. ಹೋಲಿಸಿ ನೋಡಲು ಕುಡಿಯದವರೇ ಸಿಗುತ್ತಿರಲಿಲ್ಲ. ಭುಜದ ನೋವಿಗೆಂದು ಬಂದವರಲ್ಲಿ ಕುಡಿಯದವರನ್ನು ಆರಿಸಿ, ಭುಜದ ಸ್ಕ್ಯಾನು, ಇಂಜೆಕ್ಷನ್ನು ಪುಕ್ಕಟೆ, ಜೊತೆಗೆ ತಲೆಯದೂ ಒಂದು ಎಂದು ಒಪ್ಪಿಸುವ ಉಪಾಯ ಅವನದೇ. ಇಪ್ಪತ್ನಾಲ್ಕು ಆಗಿದ್ದವು. ಕೊನೆಯದು ಇವತ್ತೇ ಆಗಬೇಕು. ಇಲ್ಲದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಪ್ರೊಫೆಸರ್ ಹುದ್ದೆಯೂ ಇಲ್ಲ.

“ಏನೂ ಆಗಲ್ಲ ಯಜಮಾನ್ರೇ.”

“ಹಂಗಾದ್ರೆ ಮಲಗ್ರಿ. ಹೊಸ ರೊಪ್ಪಕ್ಕೆ ಕುರಿ ಬಿಡೋವಾಗ ನಾವೇ ಮೊದ್ಲು ಒಳಗ್ ಹೋಗಿ ನಿಂತ್ಕಂತೀವಿ. ಸುಮ್ನೆ ನೂಕಿದ್ರೆ ಯಾವ ಕುರಿ ಹೋಗ್ತೈತ್ರಿ?”

ಯಂತ್ರ ನಡೆಸುವ ಚೈತ್ರಾ ನಕ್ಕಳು. “ಐದೇ ನಿಮಿಷ ಸಾರ್. ನೋಡಿ ಧೈರ್ಯ ಬರ್ಲಿ ಪಾಪ.”

ಬೇಡ ಎನ್ನಲು ಕಾರಣ ಬೇಕಿತ್ತು. ಇದ್ದ ಕಾರಣ ಹೇಳುವಂಥದ್ದಲ್ಲ. ಹನ್ನೆರಡು ವರ್ಷದಿಂದ, ಊರಿನಲ್ಲಿ ಯಾರಾದರೂ ಕಂಡಾರೆಂದು ಹಿರಿಯೂರಿನ ತನಕ ಕಾರು ಓಡಿಸಿ ಬಾಟಲಿ ತರುತ್ತಿದ್ದ. ಕುಡಿಯದ ಸಂಜೆ ಒಂದೂ ಇರಲಿಲ್ಲ. ಹೋದ ವಾರ ಸಿರಿಗೆರೆಯ ಹುಡುಗರಿಗೆ ಕುಡಿತದ ಕೇಡಿನ ಬಗ್ಗೆ ಭಾಷಣ ಮಾಡಿ ಬಂದು, ಚೆನ್ನಾಗಿ ಮಾತಾಡಿದೆನೆಂಬ ಖುಷಿಗೆ ಎರಡು ಪೆಗ್ಗು ಹೆಚ್ಚೇ ಹಾಕಿದ್ದ.

ವಾಚು, ಬೆಲ್ಟು ಬಿಚ್ಚಿಟ್ಟು ಮಲಗಿದ. ಚೈತ್ರಾ ತಲೆಯ ಸುತ್ತ ಪಂಜರದಂಥ ಚೌಕಟ್ಟು ಕೂರಿಸಿ, ತಡೆಯಲಾಗದಿದ್ದರೆ ಒತ್ತಿ ಎಂದು ಕೈಗೆ ರಬ್ಬರಿನ ಚೆಂಡು ಕೊಟ್ಟಳು.

“ಸದ್ದು ಮಾತ್ರ ಸಾಕು. ಚಿತ್ರ ಬೇಡ.”

“ಸದ್ದು ಬಂದ್ರೆ ಚಿತ್ರಾನೂ ಬರುತ್ತೆ ಸಾರ್.”

ಅವಳು ಕಾಟಲಿಂಗಪ್ಪನನ್ನು ಕರೆದುಕೊಂಡು ಪಕ್ಕದ ಕೋಣೆಗೆ ಹೋದಳು. ಹಲಗೆ ಒಳಗೆ ಸರಿಯಿತು. ಮೂಗಿನ ಮೇಲೆ ಗೇಣು ಜಾಗವೂ ಇರಲಿಲ್ಲ. ಯಂತ್ರ ಬಡಿಯತೊಡಗಿತು. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಎಪ್ಪತ್ತು ಕುಡುಕರ ತಲೆ ನೋಡಿದವಳು ಚೈತ್ರಾ, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚೆಂಡು ಒತ್ತಿದರೆ ಎಲ್ಲ ನಿಲ್ಲುತ್ತದೆ. ಆದರೆ ಡಾಕ್ಟರೇ ಹೆದರಿದ್ದು ಕಂಡರೆ ಕಾಟಲಿಂಗಪ್ಪ ಸಿಕ್ಕ ಬಸ್ಸು ಹತ್ತುತ್ತಾನೆ. ಒತ್ತಲಿಲ್ಲ.

ಕಣ್ಣ ಮೇಲಿನ ಪುಟ್ಟ ಕನ್ನಡಿಯಲ್ಲಿ, ಗಾಜಿನ ಕಿಟಕಿಯಾಚೆ ಮಾನಿಟರ್ ನೋಡುತ್ತಿದ್ದ ಚೈತ್ರಾ ಕಾಣುತ್ತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

ಬಡಿತ ನಿಂತಿತು. ಹಲಗೆ ಅಲ್ಲೇ ಇತ್ತು.

“ಆಯ್ತಾ?” ಎಂದು ಕೇಳಿದ.

“ಇನ್ನೊಂದ್ಸಲ ತೆಗೀತೀನಿ ಸಾರ್.” ಸ್ಪೀಕರಿನಲ್ಲಿ ಅವಳ ದನಿ.

“ಯಾಕೆ? ಅಲ್ಲಾಡಿದ್ನಾ?”

“ಇಲ್ಲ ಸಾರ್.”

“ಮತ್ತೆ?”

ಕನ್ನಡಿಯಲ್ಲಿ ಅವಳು ಮಾನಿಟರಿನತ್ತ ಇನ್ನಷ್ಟು ಬಗ್ಗಿದಳು.

“ಕುಡಿಯೋರ ಫೈಲು ತೆರೆದಿಟ್ಟಿದ್ದೀನೇನೋ ಅಂದ್ಕೊಂಡೆ.”

ಅಷ್ಟರಲ್ಲಿ ಕನ್ನಡಿಯೊಳಗೆ ಕಾಟಲಿಂಗಪ್ಪ ಬಂದ. ಎಡಗೈಯೊಂದರಿಂದಲೇ ರುಮಾಲು ಬಿಚ್ಚಿ, ನರೆತ ತಲೆಯನ್ನು ಗಾಜಿಗೆ ಒತ್ತಿ ಒಳಗೆ ನೋಡುತ್ತಿದ್ದ. ಅವನಿಗೆ ಧೈರ್ಯ ಬಂದಿತ್ತು. ಇನ್ನು ಹೊರಗೆ ಬರ್ರಿ, ನಾನು ಮಲಗ್ತೀನಿ ಎನ್ನುತ್ತಿದ್ದನೋ ಏನೋ, ಬಾಯಿ ಆಡುತ್ತಿತ್ತು. ಯಂತ್ರ ಮತ್ತೆ ಬಡಿಯತೊಡಗಿದ್ದರಿಂದ ಮಾತು ಕೇಳಿಸಲಿಲ್ಲ.