ಗೇಟಿನ ಬೋರ್ಡಿಗೊಂದು ಫೋಟೊ

"ಮುಖದ ವಿಷಯ ಮೇಡಂ, ಬೇರೇನಿಲ್ಲ," ಎಂದ ಏಜೆಂಟ್, ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಎನ್ನುವಷ್ಟು ಸಲೀಸಾಗಿ.

ಟೀಚರಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ವಿದೇಶದ ಶಾಲೆಯ ಕೆಲಸಕ್ಕೆಂದು ವಿಮಾನ ಹತ್ತುವುದು ಮುಂದಿನ ವಾರ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಶಾಲೆಗೆ ರಾಜೀನಾಮೆ ಕೊಟ್ಟಾಗಿತ್ತು, ಅವಳ ಜಾಗದಲ್ಲಿ ಬೇರೊಬ್ಬಳು ಬಂದು ಕೂತಾಗಿತ್ತು, ಮಕ್ಕಳು ಅತ್ತು ಕಳಿಸಿಕೊಟ್ಟಾಗಿತ್ತು. ಇವನು ನೋಡಿದರೆ ಈಗ ಮುಖದ ಮಾತು ಎತ್ತುತ್ತಾನೆ.

ಆದದ್ದಿಷ್ಟು. ಟೀಚರಮ್ಮ ಪಾಠ ಮಾಡುತ್ತಿದ್ದದ್ದು ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತು. ಮುಂದೆ ನಿಂತ ಮಗು ಅಲ್ಲಿಯವರೆಗೂ ಕೇಳುವಂತೆ ಮಾತಾಡಲೇಬೇಕು, ಬಾಯೊಳಗೇ ಗೊಣಗಿದರೆ ನಡೆಯದು. ವಿದೇಶದ ಶಾಲೆಯವರು ಪಾಠದ ವಿಡಿಯೊ ಕೇಳಿದಾಗ ಫೋನನ್ನೂ ಅದೇ ಗೋಡೆಯ ಕಪಾಟಿನ ಮೇಲಿಟ್ಟಳು. ಮಕ್ಕಳು ಹೇಗೆ ಮಾತಾಡುತ್ತಾರೆ ಎಂಬುದನ್ನು ನೋಡಲಿ, ನನ್ನ ಮುಖ ಕಟ್ಟಿಕೊಂಡು ಅವರಿಗೇನಾಗಬೇಕು ಎಂದುಕೊಂಡಳು. ಎಂಥ ಹುಚ್ಚಿ! ಅವರು ದನಿ ಕೇಳಿಯೇ ತಮಗೆ ಬೇಕಾದ ಬಣ್ಣದ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿ ಮಾಡಿಟ್ಟುಕೊಂಡರು. ಸಂದರ್ಶನವೂ ಫೋನಿನಲ್ಲೇ ಮುಗಿಯಿತು, ಕಾಗದಪತ್ರವೆಲ್ಲ ಏಜೆಂಟನ ಕೈಯಲ್ಲೇ ಓಡಾಡಿತು. ಕೊನೆಗೆ ಶಾಲೆಯ ಗೇಟಿನ ಬೋರ್ಡಿಗೆಂದು ದೊಡ್ಡದೊಂದು ಫೋಟೊ ಕೇಳಿದರು, ಇವಳು ಕಳಿಸಿದಳು. ಅದನ್ನು ನೋಡಿದ್ದೇ ಬರುವುದು ಬೇಡ ಎಂದರು, ಅಲ್ಲಿಗೆ ಮುಗಿಯಿತು.

ಏಜೆಂಟನ ಹತ್ತಿರ ಅದಕ್ಕೂ ಪರಿಹಾರವಿತ್ತು. ದನಿ ಅವರಿಗೆ ಬಹಳ ಹಿಡಿಸಿದೆಯಂತೆ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಪಾಠ ಮಾಡಬಹುದಂತೆ, ಕ್ಯಾಮೆರಾ ಕೆಟ್ಟಿದೆ ಎಂದು ಮಕ್ಕಳಿಗೆ ಹೇಳಿದರಾಯಿತಂತೆ.

"ನಿಮ್ಮ ಜಾಗದಲ್ಲಿ ಬೇರೆ ಒಂದು ಫೋಟೊ ಹಾಕಿರ್ತಾರೆ. ಹೆಸರೂ ಅವರೇ ಇಡ್ತಾರೆ. ನಿಮಗೇನೂ ತೊಂದರೆ ಇಲ್ಲ ಮೇಡಂ," ಎಂದ.

ಟೀಚರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಅಕ್ಕನ ಮುಂದೆ ಕುದಿದಳು. ಅಕ್ಕ ದರ್ಜಿ, ಒಂದು ದೊಡ್ಡ ಅಂಗಡಿಗೆ ಬಟ್ಟೆ ಹೊಲಿದುಕೊಡುವವಳು. ಎಲ್ಲವನ್ನೂ ಕೇಳಿಸಿಕೊಂಡಳೇ ಹೊರತು ಮಷೀನು ನಿಲ್ಲಿಸಲಿಲ್ಲ.

"ಒಪ್ಕೋ. ಹಳೇ ಶಾಲೇಲಿ ಜಾಗ ಇದ್ಯಾ ಈಗ? ನಾನು ಹೊಲಿದಿದ್ದಕ್ಕೆ ಅಂಗಡಿಯವನು ತನ್ನ ಹೆಸರು ಅಂಟಿಸ್ತಾನೆ. ನಾನೇನು ಸತ್ತೋದ್ನಾ?"

"ನಾನು ಬಟ್ಟೆ ಅಲ್ಲ ಅಕ್ಕ."

ಟೀಚರಮ್ಮ ಹಲ್ಲು ಕಚ್ಚಿಕೊಂಡು ಒಪ್ಪಿಕೊಂಡಳು. ಒಪ್ಪದೆ ಇನ್ನೇನು ಮಾಡಿಯಾಳು? ಅಕ್ಕನೊಬ್ಬಳ ದುಡಿಮೆಯಲ್ಲಿ ಕೂತು ಉಣ್ಣುವ ಜಾಯಮಾನ ಅವಳದಲ್ಲ.

ಮೊದಲ ಪಾಠದ ದಿನ ಪರದೆಯ ಮೇಲೆ ಅವಳ ಜಾಗದಲ್ಲಿ ಹೊಂಬಣ್ಣದ ಕೂದಲಿನ ಯಾರೋ ಹಲ್ಲು ಕಿರಿಯುತ್ತಿದ್ದಳು. ಶಾಲೆಯ ಮೇಲ್ವಿಚಾರಕನೊಬ್ಬ ಪರದೆಯ ಮೂಲೆಯಲ್ಲಿ ಕೂತು ಕಾವಲು ಕಾಯುತ್ತಿದ್ದ. ಮಕ್ಕಳು ಮಾತ್ರ ಎಲ್ಲ ಕಡೆಯ ಮಕ್ಕಳಂತೆಯೇ ಇದ್ದರು, ಒಬ್ಬ ಮೂಗಿನಲ್ಲಿ ಬೆರಳಿಟ್ಟಿದ್ದ, ಇನ್ನೊಬ್ಬಳು ಆಕಳಿಸುತ್ತಿದ್ದಳು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಚಳಿ ಬಿಟ್ಟು, ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಹೇಳತೊಡಗಿದರು. ಅವಳಿಗೂ ಒಂದು ಗಳಿಗೆ ಸಿಟ್ಟು ಮರೆತುಹೋಯಿತು.

ಒಂದು ಹುಡುಗಿಯ ಜಾಗದಲ್ಲಿ ಮಾತ್ರ ಯಾವಳೋ ಸಿನಿಮಾ ನಟಿಯ ಚಿತ್ರವಿತ್ತು. ಚಿತ್ರದ ಹಿಂದಿನಿಂದ ಸಣ್ಣ ದನಿ ತಪ್ಪಿಲ್ಲದೆ ಉತ್ತರ ಹೇಳುತ್ತಿತ್ತು. ನಿನ್ನ ಮುಖ ತೋರಿಸಮ್ಮ ಎಂದಳು ಟೀಚರಮ್ಮ.

"ನನ್ನ ಕ್ಯಾಮೆರಾನೂ ಕೆಟ್ಟಿದೆ ಮಿಸ್," ಎಂದಿತು ದನಿ. ಆಮೇಲೆ ಮೆಲ್ಲಗೆ, "ನನ್ನ ಮುಖ ಚೆನ್ನಾಗಿಲ್ಲ. ಈ ಚಿತ್ರಾನೇ ಇರಲಿ," ಎಂದಿತು.

ಟೀಚರಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹಿಂದೆ ಅಕ್ಕನ ಮಷೀನಿನ ಸದ್ದು ನಿಂತಿತು. ಅವಳು ಕ್ಯಾಮೆರಾದ ಗುಂಡಿ ಒತ್ತಿದಳು.

ಹೊಂಗೂದಲಿನವಳು ಮಾಯವಾದಳು. ಮಕ್ಕಳು ಬಾಯಿ ತೆರೆದುಕೊಂಡು ನೋಡಿದರು. ಮೇಲ್ವಿಚಾರಕ ಗಡಬಡಿಸಿ ಎದ್ದು ಯಾರಿಗೋ ಫೋನು ಹಚ್ಚಿದ.

"ನಾನು ಹೀಗಿದ್ದೀನಿ," ಎಂದಳು ಟೀಚರಮ್ಮ. "ಈಗ ನೀನು ಹೇಳು. ಜೋರಾಗಿ."

ತುಸು ಹೊತ್ತಿಗೆ ನಟಿಯ ಚಿತ್ರವೂ ಹೋಗಿ, ಕೆನ್ನೆಯ ಮೇಲೆ ದೊಡ್ಡ ಮಚ್ಚೆಯಿದ್ದ ಪುಟ್ಟ ಮುಖವೊಂದು ಅರ್ಧದಷ್ಟು ಇಣುಕಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ಏಜೆಂಟನ ಕರೆಗೆ ಹೊಡೆದುಕೊಳ್ಳತೊಡಗಿತು. ಅಕ್ಕ ಎದ್ದು ಬಂದು ಫೋನನ್ನು ಹೊಲಿದಿಟ್ಟ ಬಟ್ಟೆಗಳ ರಾಶಿಯ ಕೆಳಗೆ ತುರುಕಿದಳು. ಆಮೇಲೆ ಮಷೀನಿನ ದೀಪವನ್ನು ಬಿಚ್ಚಿ ತಂದು, ಬೆಳಕು ತಂಗಿಯ ಮುಖದ ಮೇಲೆ ಬೀಳುವಂತೆ ಹಿಡಿದು ನಿಂತಳು.