ನೀರು ಹಾಕುವ ಸರದಿ

ಎದುರುಬದುರಾಗಿ ಎರಡು ಕುರ್ಚಿ, ನಡುವೆ ಒಂದು ಸ್ಟೂಲು, ಅದರ ಮೇಲೆ ಹಿತ್ತಾಳೆಯ ಚೊಂಬು, ಚೊಂಬಿನ ಅಕ್ಕಪಕ್ಕ ಬೋರಲು ಹಾಕಿದ ಎರಡು ಲೋಟ. ಕಣ್ಣು ಮುಚ್ಚಿದರೆ ನಮ್ಮೂರಿನ ಮಹಿಳಾ ಸಮಾಜ ನನಗೆ ಕಾಣುವುದು ಹೀಗೆ. ಆ ಹಜಾರದ ಗೋಡೆಗೆ ಯಾವ ಬಣ್ಣ ಬಳಿದಿದ್ದರೋ ಮರೆತಿದ್ದೇನೆ, ಎಷ್ಟೋ ಮುಖಗಳೂ ಮಸುಕಾಗಿವೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಆ ಚೊಂಬು ಮಾತ್ರ ಇನ್ನೂ ಅಲ್ಲೇ ಕೂತು ಹೊಳೆಯುತ್ತಿದೆ.

ಸಮಾಜದಲ್ಲಿ ಬೆಳಿಗ್ಗೆ ಹೊಲಿಗೆ ತರಗತಿ, ಶನಿವಾರ ಮಧ್ಯಾಹ್ನ ಚರ್ಚಾಕೂಟ. ಹೊಲಿಗೆ ಕಲಿಸುತ್ತಿದ್ದವಳು ನಾನು. ಚರ್ಚೆಯಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದವರು ನನ್ನ ಅತ್ತೆ ಪುಟ್ಟತಾಯಮ್ಮ. ವರದಕ್ಷಿಣೆ ಕೊಡಬೇಕೇ, ಹೆಂಡದಂಗಡಿ ಮುಚ್ಚಿಸಿದರೆ ಕುಡಿತ ನಿಲ್ಲುತ್ತದೆಯೇ, ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು, ವಯಸ್ಸಾದವರನ್ನು ಮಗ ನೋಡಿಕೊಳ್ಳಬೇಕೋ ಮಗಳೋ? ಊರಿನ ಗಂಡಸರು ಅರಳಿಕಟ್ಟೆಯ ಮೇಲೆ ಕೂತು ಬೈದು ಬಿಡುತ್ತಿದ್ದ ಸಂಗತಿಗಳನ್ನೆಲ್ಲ ನಮ್ಮ ಹೆಂಗಸರು ಉಪ್ಪಿಟ್ಟು ತಿಂದು, ಕೈ ತೊಳೆದು, ಸಾವಕಾಶವಾಗಿ ಬಿಡಿಸಿ ನೋಡುತ್ತಿದ್ದರು.

ಅಲ್ಲೊಂದು ಕಟ್ಟಳೆ ಇತ್ತು. ಸಮಾಜದ ಅಧ್ಯಕ್ಷೆ ಕಮಲಾಕ್ಷಮ್ಮನವರು, ಎಲ್ಲರೂ ಒಟ್ಟಿಗೆ ಮಾತಾಡುವ ಗದ್ದಲಕ್ಕೆ ಬೇಸತ್ತು ಮಾಡಿದ್ದು. ಎದುರಿನವಳು ಆಡಿದ ಮಾತಿಗೆ ಉತ್ತರ ಕೊಡಬೇಕಾದರೆ ಮೊದಲು ಆ ಮಾತನ್ನು ನಮ್ಮ ಬಾಯಿಂದ ತಿರುಗಿ ಹೇಳಬೇಕು. ಗಿಳಿಪಾಠದ ಹಾಗೆ ಒಪ್ಪಿಸಿದರೆ ಸಾಲದು, ಅವಳ ಮನಸ್ಸಿನಲ್ಲಿ ಇದ್ದದ್ದು ನಮ್ಮ ಮಾತಿನಲ್ಲಿ ಬರಬೇಕು. ಸರಿಯಾಗಿ ಬಂದರೆ ಅವಳು "ಹೌದು, ಅದೇ ನನ್ನ ಮಾತು" ಎಂದು ಚೊಂಬೆತ್ತಿ ನಮ್ಮ ಲೋಟಕ್ಕೆ ನೀರು ಹಾಕುತ್ತಾಳೆ. ಆ ನೀರು ಕುಡಿದ ಮೇಲೆಯೇ ನಮ್ಮ ಉತ್ತರ. "ಅಲ್ಲ" ಎಂದರೆ ಮತ್ತೆ ಮೊದಲಿನಿಂದ ಹೇಳಬೇಕು. ಬರೀ ಹಟಕ್ಕೆ ನೀರು ಹಾಕದೆ ಕೂತವಳಿಗೆ ಅವತ್ತಿನ ಪಾತ್ರೆ ತೊಳೆಯುವ ಶಿಕ್ಷೆ.

ಕೇಳುವುದಕ್ಕೆ ಮಕ್ಕಳಾಟದಂತಿದೆ. ಆದರೆ ವರದಕ್ಷಿಣೆ ತಪ್ಪಲ್ಲವೆಂದು ಗಟ್ಟಿಯಾಗಿ ವಾದಿಸಿದ ಒಬ್ಬಾಕೆ, ಎದುರಿನವಳ ಮಾತನ್ನು ತನ್ನ ಬಾಯಿಂದಲೇ ಹೇಳಬೇಕಾಗಿ ಬಂದಾಗ ಅರ್ಧಕ್ಕೆ ನಿಂತು, ಮಾರನೆಯ ದಿನ ಬೀಗರ ಮನೆಗೆ ಹೋಗಿ ಮಾತುಕತೆಯನ್ನೇ ಬದಲಾಯಿಸಿದ್ದನ್ನು ನಾನು ಬಲ್ಲೆ. ಯಾರೂ ಆಕೆಯನ್ನು ಸೋಲಿಸಿರಲಿಲ್ಲ, ಆಕೆಗೆ ಕೇಳಿಸಿತ್ತು ಅಷ್ಟೆ. ಈಗ ನಡೆಯುವ ಚರ್ಚೆಗಳಲ್ಲಿ ಎಲ್ಲರ ಗಂಟಲೂ ಒಣಗಿರುತ್ತದೆ, ನೀರು ಹಾಕುವವರು ಮಾತ್ರ ಇಲ್ಲ.

ನನ್ನ ಗಂಡ ಸೋಮಶೇಖರ ಜ್ವರದಲ್ಲಿ ತೀರಿಕೊಂಡಾಗ ನಮ್ಮ ಮದುವೆಯ ಸೀರೆಗಳ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು. ಅತ್ತೆಯೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಸಾಕಿದವರು. ಸಂಜೆ ಅಕ್ಕಿ ಆರಿಸುತ್ತಾ "ಸೋಮು ಇದ್ದಿದ್ರೆ..." ಎಂದು ಶುರುಮಾಡುತ್ತಿದ್ದರು, ಉಳಿದದ್ದನ್ನು ನಾನು ಹೇಳಿ ಮುಗಿಸುತ್ತಿದ್ದೆ. ಹಾಗೇ ಕೆಲವು ವರ್ಷ ಹೋದವು.

ಆಮೇಲೆ ಉಮಾಪತಿ ಬಂದರು. ತರಗತಿಯ ಹೊಲಿಗೆ ಯಂತ್ರಗಳು ಕೆಟ್ಟರೆ ರಿಪೇರಿ ಮಾಡುತ್ತಿದ್ದವರು ಅವರು. ಯಂತ್ರ ಸರಿಯಾದ ಮೇಲೆ ಒಂದು ತುಂಡು ಬಟ್ಟೆಯ ಮೇಲೆ ಸಾಲು ಹೊಲಿಗೆ ಹಾಕಿ, "ನೋಡಿ, ನಡೀತಾ ಇದೆ" ಎಂದು ನನ್ನ ಮುಂದೆ ಹಿಡಿಯುತ್ತಿದ್ದರು. ಮಾತು ಕಡಿಮೆ. ಒಂದು ಮಳೆಗಾಲದ ಕೊನೆಗೆ ಮಾತ್ರ ಒಂದು ಪೂರ್ತಿ ವಾಕ್ಯ ಆಡಿದರು. ದೀಪಾವಳಿ ಕಳೆದ ಮೇಲೆ ಬೇರೆ ಊರಿನಲ್ಲಿ ಅಂಗಡಿ ಹಾಕುತ್ತೇನೆ, ನೀವು ಒಪ್ಪಿದರೆ ಮದುವೆಯಾಗಿ ಹೋಗೋಣ, ಒಪ್ಪದಿದ್ದರೂ ಬೇಸರವಿಲ್ಲ ಎಂದರು. ಬೇಸರವಿಲ್ಲ ಎನ್ನುವಾಗ ಅವರ ಮುಖ ನೋಡಲಾಗಲಿಲ್ಲ.

ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದೇನಿತ್ತು? ನನಗೆ ಮನಸ್ಸಿತ್ತು, ಚೆನ್ನಾಗಿಯೇ ಇತ್ತು. ಆದರೆ ಅತ್ತೆಯನ್ನು ಬಿಟ್ಟು ಹೋಗುವುದು ಹೇಗೆ, ಬಾಯಿ ಬಿಟ್ಟು ಕೇಳುವುದಾದರೂ ಹೇಗೆ? ಇಲ್ಲವೆಂದು ಹೇಳಿಬಿಡುವುದೆಂದು ಒಳಗೇ ತೀರ್ಮಾನಿಸಿದ್ದೆ.

ಅಷ್ಟರಲ್ಲಿ ಕಮಲಾಕ್ಷಮ್ಮನವರು ಬರುವ ಶನಿವಾರದ ವಿಷಯ ಸಾರಿದರು: ಗಂಡನನ್ನು ಕಳೆದುಕೊಂಡ ಹೆಂಗಸು ಮರುಮದುವೆ ಆಗಬೇಕೇ, ಬೇಡವೇ? ಬೇಡ ಎನ್ನುವ ಪಕ್ಷಕ್ಕೆ ಪುಟ್ಟತಾಯಮ್ಮ, ಬೇಕು ಎನ್ನುವ ಪಕ್ಷಕ್ಕೆ ಅವರ ಸೊಸೆ. ಒಲ್ಲೆ ಎಂದರೆ ಅನುಮಾನ ಬರುತ್ತದೆಂದು ತಲೆಯಾಡಿಸಿದೆ.

ಆ ದಿನ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಸೆರಗು ಹೊದ್ದು ಕೂತು ಎಂದಿನ ಗತ್ತಿನಲ್ಲೇ ಶುರುಮಾಡಿದರು. ಹೆಣ್ಣಿಗೆ ಬೇಕಾದದ್ದು ದುಡಿಮೆ, ಕೈಯಲ್ಲಿ ನಾಲ್ಕು ಕಾಸು, ಊರಲ್ಲಿ ಮರ್ಯಾದೆ. ಇಷ್ಟಿದ್ದವಳಿಗೆ ಗಂಡ ಇಲ್ಲದಿದ್ದರೆ ಯಾವ ಕೊರತೆ? ಒಮ್ಮೆ ಬೇರು ಬಿಟ್ಟ ಗಿಡವನ್ನು ಕಿತ್ತು ಇನ್ನೊಂದು ಕಡೆ ನೆಟ್ಟರೆ ಚಿಗುರುತ್ತದೆಂಬ ಭರವಸೆ ಯಾರು ಕೊಡುತ್ತಾರೆ? ಮರುಮದುವೆಯ ಪರವಾಗಿ ಭಾಷಣ ಮಾಡುವವರೆಲ್ಲ ಬೇರೆಯವರ ಮನೆಯ ಸೊಸೆಗೇ ಬುದ್ಧಿ ಹೇಳುವುದು ಎಂದಾಗ ಎಲ್ಲರೂ ನಕ್ಕರು.

ನಾನು ಆ ಮಾತನ್ನೆಲ್ಲ ಅಚ್ಚುಕಟ್ಟಾಗಿ ತಿರುಗಿ ಹೇಳಿದೆ.

"ಅಲ್ಲ," ಎಂದರು ಅತ್ತೆ.

ಎರಡನೆಯ ಸಲ ಜನರ ಬಾಯಿಯ ಭಯ, ಹೊಸ ಮನೆಯವರು ಹೇಗೆ ನಡೆಸಿಕೊಳ್ಳುತ್ತಾರೋ ಎಂಬ ಆತಂಕ, ಅವನ್ನೂ ಸೇರಿಸಿದೆ.

"ಅಲ್ಲ."

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಇವತ್ತು ಪಾತ್ರೆ ತೊಳೆಯುವವರು ಪುಟ್ಟತಾಯಮ್ಮನೇ ಎಂದು ಯಾರೋ ಹಾಸ್ಯ ಮಾಡಿದರು. ಅತ್ತೆ ನಗಲಿಲ್ಲ. ಅವರ ಹೆಬ್ಬೆರಳು ಚೊಂಬಿನ ಅಂಚನ್ನು ಸವರುತ್ತಲೇ ಇತ್ತು. ಸಂಜೆ ಮೊರದ ಅಂಚನ್ನು ಸವರುತ್ತಾ "ಸೋಮು ಇದ್ದಿದ್ರೆ" ಎಂದು ಅರ್ಧಕ್ಕೆ ನಿಲ್ಲಿಸುವಾಗಲೂ ಅವರು ಹೀಗೇ ಮಾಡುತ್ತಿದ್ದರು. ನನಗೆ ಆಗ ತಿಳಿಯಿತು.

"ಅತ್ತೆ," ಎಂದೆ. ಚರ್ಚೆಯಲ್ಲಿ ಹಾಗೆ ಕರೆಯುವ ರೂಢಿ ಇರಲಿಲ್ಲ. "ಮನೇಲಿ ಅವರ ಹೆಸರು ಹೇಳೋಕೆ ಇರೋರು ನಾವಿಬ್ಬರೇ. ನೀವು ಶುರುಮಾಡಿದ ಮಾತನ್ನ ಮುಗಿಸೋಳು ನಾನು. ನಾನೂ ಹೋಗಿಬಿಟ್ರೆ ನಿಮ್ಮ ಮಗನನ್ನ ನೀವು ಇನ್ನೊಂದು ಸಲ ಕಳಕೊಂಡ ಹಾಗಾಗುತ್ತೆ. ಅದಕ್ಕೇ ಬೇಡ ಅಂತೀರಿ."

ಅತ್ತೆ ಬೋರಲಾಗಿದ್ದ ನನ್ನ ಲೋಟವನ್ನು ತಿರುಗಿಸಿಟ್ಟು "ಹೌದು, ಅದೇ ನನ್ನ ಮಾತು" ಎಂದು ನೀರು ಹಾಕಿದರು. ಅರ್ಧ ನೀರು ಸ್ಟೂಲಿನ ಮೇಲೆ ಚೆಲ್ಲಿತು.

ನೀರು ಕುಡಿದೆ. ಇನ್ನು ನಾನು ಉತ್ತರ ಹೇಳಬೇಕು. ಅವರ ಸಂಕಟವನ್ನು ನನ್ನ ಬಾಯಿಂದಲೇ ಹೇಳಿದ ಮೇಲೆ ಯಾವ ಮುಖವಿಟ್ಟುಕೊಂಡು ಎದುರಾಡಲಿ? ನನ್ನ ಬಳಿ ಉತ್ತರವಿಲ್ಲ, ನನ್ನ ಪಕ್ಷ ಬಿಟ್ಟುಕೊಟ್ಟಿದ್ದೇನೆ ಎಂದು ಎದ್ದು ನಿಂತೆ. ಉಮಾಪತಿಗೆ ಹೇಳಬೇಕಾದ 'ಇಲ್ಲ' ಆಗಲೇ ನಾಲಿಗೆಯ ಮೇಲಿತ್ತು.

"ಕೂತ್ಕೋ," ಎಂದರು ಅತ್ತೆ. "ನನ್ನ ಸರದಿ ಬಾಕಿ ಇದೆ."

ಕಮಲಾಕ್ಷಮ್ಮನವರು ತಬ್ಬಿಬ್ಬಾದರು. "ಅವಳು ಏನೂ ವಾದಿಸಲೇ ಇಲ್ವಲ್ಲ ಪುಟ್ಟತಾಯಮ್ಮ. ನೀವು ಏನನ್ನ ತಿರುಗಿ ಹೇಳ್ತೀರಿ?"

"ಹೇಳದೆ ಒಳಗಿಟ್ಕೊಂಡಿರೋದನ್ನ."

ಆಮೇಲೆ ನನ್ನ ಕಡೆ ನೇರವಾಗಿ ನೋಡುತ್ತಾ, ನನ್ನ ಪರವಾಗಿ ಅವರು ಮಾತಾಡಿದರು. ಆ ದನಿ ಚರ್ಚೆಯ ದನಿಯಾಗಿರಲಿಲ್ಲ. "ಇವಳು ಹೇಳಬೇಕಾಗಿದ್ದು ಇಷ್ಟು. ನಮ್ಮತ್ತೆ ಒಳ್ಳೆಯವಳೇ, ಊಟಕ್ಕೆ ಬಟ್ಟೆಗೆ ಕಮ್ಮಿ ಮಾಡಿಲ್ಲ. ಆದರೆ ಅತ್ತೆ ರಾತ್ರಿ ಉಣ್ಣಲ್ಲ, ನಾನು ಅಡುಗೆಮನೇಲಿ ನಿಂತ್ಕೊಂಡೇ ಎರಡು ತುತ್ತು ತಿಂತೀನಿ. ಮೆಷಿನ್ನು ಕೆಟ್ಟರೆ ಎಲ್ಲರಿಗೂ ಬೇಜಾರು, ನನಗೆ ಮಾತ್ರ ಖುಷಿ. ಅದು ರಿಪೇರಿಯಾದ ದಿನ ಮನೆಗೆ ಬಂದು ಹಾಡು ಗುನುಗ್ತೀನಿ, ಅತ್ತೆ ಬಂದ ಸದ್ದಾದ್ರೆ ನಿಲ್ಲಿಸಿಬಿಡ್ತೀನಿ. ಹೋದೋರನ್ನ ಮರೀಬೇಕು ಅಂತಲ್ಲ. ಆ ಹಾಡನ್ನ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಹಾಡಬೇಕು ಅಂತ." ಚೊಂಬನ್ನು ನನ್ನ ಕಡೆ ಸರಿಸಿ ಕೇಳಿದರು: "ಸರಿಯಾಗಿ ಹೇಳಿದ್ನಾ?"

ಅಳು ತಡೆಯಲಾಗಲಿಲ್ಲ. ಸುಳ್ಳು ಹೇಳಿ "ಅಲ್ಲ" ಎನ್ನಬಹುದಿತ್ತು, ಆದರೆ ಆ ಚೊಂಬಿನ ಮುಂದೆ ಹಾಗನ್ನುವುದು ನನ್ನಿಂದಾಗಲಿಲ್ಲ. "ಹೌದು, ಅದೇ ನನ್ನ ಮಾತು" ಎಂದು ಅವರ ಲೋಟಕ್ಕೆ ನೀರು ಹಾಕಿದೆ. ಅತ್ತೆ ಗಟಗಟನೆ ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡು, ತಮ್ಮದೇನೂ ಉತ್ತರವಿಲ್ಲ, ಸಭೆ ಮುಗಿಸಬಹುದು ಎಂದರು. ಬೆನ್ನ ಹಿಂದೆ ಊರು ಆಡಬಹುದಾಗಿದ್ದ ಮಾತನ್ನು ಅವರು ಊರಿನ ಮುಂದೆಯೇ ಆಡಿ ಮುಗಿಸಿದ್ದರು. ಆಮೇಲೆ ಯಾರಿಗೂ ಪಿಸುಗುಟ್ಟುವುದಕ್ಕೆ ಏನೂ ಉಳಿಯಲಿಲ್ಲ.

ಮನೆಗೆ ನಡೆದು ಹೋಗುವಾಗ ಗೊತ್ತಾಯಿತು, ಆ ವಿಷಯವನ್ನು ಆರಿಸಿದವರೂ ನನ್ನನ್ನು ಎದುರಿಗೆ ಕೂರಿಸಿ ಎಂದು ಕೇಳಿಕೊಂಡವರೂ ಅತ್ತೆಯೇ.

"ಮನೇಲಿ ಕೇಳಿದ್ರೆ ನೀನು ಅಂಥದ್ದೇನೂ ಇಲ್ಲ ಅತ್ತೆ ಅಂತಿದ್ದೆ," ಎಂದರು. "ನಾನೂ ಸರಿ ಅಂತ ಸುಮ್ಮನಾಗ್ತಿದ್ದೆ. ನನಗೆ ಅದೇ ಅನುಕೂಲ ನೋಡು."

ಸೋಲಬೇಕೆಂದೇ ಬಂದಿದ್ದಿರಾ ಎಂದು ಕೇಳಿದೆ.

"ಸೋಲೋಕೆ ನನಗೇನು ಹುಚ್ಚಾ? ಗೆಲ್ಲೋಕೇ ಬಂದಿದ್ದೆ. ನನ್ನ ಮಾತು ನಿನಗೆ ಅರ್ಥ ಆಗದೇ ಹೋಗಿದ್ರೆ ನಿನ್ನನ್ನ ಬಿಡ್ತಿರಲಿಲ್ಲ. ಅರ್ಥ ಮಾಡ್ಕೊಂಡೋಳನ್ನ ಹಿಡಿದಿಟ್ಕೊಳ್ಳೋದು ಹೇಗೆ?" ಎಂದು ಸರಸರನೆ ಮುಂದೆ ನಡೆದರು, ನಾನು ಅವರ ಮುಖ ನೋಡಬಾರದೆಂದು.

ನಾನು ಉಮಾಪತಿಯವರನ್ನು ಮದುವೆಯಾಗಿ ಹೋದ ಮೇಲೆ ಅತ್ತೆ ಬೇರೆ ಊರಿನ ನಮ್ಮ ಮನೆಗೆ ಹಬ್ಬಹಬ್ಬಕ್ಕೂ ಬರುತ್ತಿದ್ದರು, ಕೊನೆಕೊನೆಗೆ ನಮ್ಮಲ್ಲೇ ಉಳಿದರು. ಊಟಕ್ಕೆ ಕೂತಾಗ ಉಮಾಪತಿ ತಾವಾಗಿಯೇ "ಸೋಮುಗೆ ಈ ಹುಳಿ ಇಷ್ಟ ಇತ್ತಾ ಅಮ್ಮ?" ಎಂದು ಕೇಳುತ್ತಿದ್ದರು. ಅತ್ತೆ ಶುರುಮಾಡುತ್ತಿದ್ದರು, ಮುಗಿಸುವುದಕ್ಕೆ ಈಗ ನಾವಿಬ್ಬರಿದ್ದೆವು. ನನಗೆ ಇಷ್ಟೆಲ್ಲ ಸಿಕ್ಕಿತಲ್ಲ ಎಂದು ಈ ವಯಸ್ಸಿನಲ್ಲೂ ಒಮ್ಮೊಮ್ಮೆ ಸುಮ್ಮನೆ ಕೈಮುಗಿಯುತ್ತೇನೆ.

ಆದರೂ ಅತ್ತೆಯನ್ನು ನೆನೆದಾಗ ಮೊದಲು ಕಾಣುವುದು ನನ್ನ ಎರಡನೆಯ ಮದುವೆಯ ದಿನ. ಮದುವೆ ನಡೆದದ್ದು ಸಮಾಜದ ಹಜಾರದಲ್ಲೇ. ತವರಿನವರು ಮುನಿದು ಬಂದಿರಲಿಲ್ಲ. ಧಾರೆ ಎರೆಯಲು ಹೆಣ್ಣಿನ ಕಡೆಯಿಂದ ದಂಪತಿ ಬೇಕಲ್ಲ ಎಂದು ಪುರೋಹಿತರು ಅತ್ತಿತ್ತ ನೋಡಿದರು. ಕಮಲಾಕ್ಷಮ್ಮ ಗಂಡನ ಜೊತೆ ಮುಂದೆ ಬಂದರು. ಅತ್ತೆ ಅವರನ್ನು ತಡೆದರು.

"ಹೆಣ್ಣು ಕೊಡ್ತಿರೋಳು ನಾನು. ಕೈ ಮಾತ್ರ ಬೇರೆಯವರದ್ದು ಯಾಕೆ ಸ್ವಾಮಿ?"

ಪುರೋಹಿತರು ಒಂದು ಗಳಿಗೆ ಯೋಚಿಸಿ, ಬನ್ನಿ ತಾಯಿ ಎಂದರು. ಯಾರೋ ಸ್ಟೂಲಿನ ಮೇಲಿದ್ದ ಆ ಹಿತ್ತಾಳೆ ಚೊಂಬನ್ನೇ ತಂದು ಅವರ ಕೈಗಿತ್ತರು. ಜೋಡಿಸಿ ಹಿಡಿದ ನಮ್ಮ ಕೈಗಳ ಮೇಲೆ ಅತ್ತೆ ನೀರು ಎರೆದರು. ಈ ಸಲ ಒಂದು ಹನಿಯೂ ಆಚೀಚೆ ಚೆಲ್ಲಲಿಲ್ಲ. ಮನಃಪೂರ್ವಕವಾಗಿ ಕೊಟ್ಟಿದ್ದೇನೆ ಎಂದು ಹೇಳಿ ತಾಯಿ ಎಂದರು ಪುರೋಹಿತರು. ಅತ್ತೆ ನನ್ನ ಕಡೆ ನೋಡಿದರು.

"ಹೌದು," ಎಂದರು ಮೆಲ್ಲಗೆ, ನೀರು ಇನ್ನೂ ಬೀಳುತ್ತಿದ್ದಂತೆ, "ಅದೇ ನನ್ನ ಮಾತು."